ಕವಿಚರಿತೆಯನ್ನು ಕೈಬಿಡದ ನರಸಿಂಹಾಚಾರ್ಯರು

ಹಾಸನ ಜಿಲ್ಲೆಯ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕಾ ಗ್ರಂಥಮಾಲೆಯ ಐದನೆಯ ಸಂಪುಟವಾಗಿ 1902ರಲ್ಲಿ ಅಚ್ಚಾದವು. ಹಾಸನ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಮೊದಲಾಗಿ ತಾಲ್ಲೂಕುವಾರು ವಿಂಗಡಿಸಿ, ಪ್ರತಿಯೊಂದು ತಾಲ್ಲೂಕಿಗೂ ಒಂದರಿಂದ ಆರಂಭವಾಗುವ ಬೇರೆ ಬೇರೆ ಕ್ರಮಸಂಖ್ಯೆಯನ್ನು ಕೊಟ್ಟು ಏರ್ಪಡಿಸಿದ ಆ ಸಂಪುಟದಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ 179ನೆಯ ಸಂಖ್ಯೆಯ ಶಾಸನವೊಂದುಂಟು. ಕಾಲ 1191, ಹೊಯ್ಸಳ ವೀರಬಲ್ಲಾಳನ ಆಳ್ವಿಕೆ. ಅರಸರ ವಂಶಾವಳಿಯನ್ನು ಹುಡುಕುವವನಿಗೆ ಅದು ಹೊಯ್ಸಳರ ಅನೇಕ ಶಾಸನಗಳಲ್ಲಿ ಒಂದು, ಅಷ್ಟೆ. ಆದರೆ ಅದರ ಪದ್ಯಗಳನ್ನು ರಚಿಸಿದವನು ಜನ್ನ. ಯಶೋಧರಚರಿತೆಯನ್ನು 1209ರಲ್ಲಿಯೂ ಅನಂತನಾಥಪುರಾಣವನ್ನು 1230ರಲ್ಲಿಯೂ ಮುಗಿಸಿದ ಕವಿಚಕ್ರವರ್ತಿಯು ಅದಕ್ಕೂ ಎಷ್ಟೋ ವರ್ಷ ಮುಂಚೆಯೇ ಕಲ್ಲಿಗೆ ಪದ್ಯ ಬರೆದುಕೊಡುವಷ್ಟು ಹೆಸರು ಪಡೆದಿದ್ದನೆಂಬುದಕ್ಕೆ ಆ ಕಲ್ಲೇ ಸಾಕ್ಷಿ. ಅರಕಲಗೂಡು ತಾಲ್ಲೂಕಿನಲ್ಲಿ ಇನ್ನೊಂದು ಶಾಸನ, 1079ರದು. ಕೊಂಗಾಳ್ವ ಅರಸನು ಅದಟರಾದಿತ್ಯ ಚೈತ್ಯಾಲಯವನ್ನು ಮಾಡಿಸಿ ದತ್ತಿ ಬಿಟ್ಟುದನ್ನು ಹೇಳುವ ಆ ಬರಹದ ಕೊನೆಯಲ್ಲಿ ಅದನ್ನು ಬರೆದ ಸಂಧಿವಿಗ್ರಹಿ ನಕುಲಾರ್ಯನ ಹೆಸರೂ, ಅವನು ನಾಲ್ಕು ಭಾಷೆಗಳನ್ನು ಬಲ್ಲವನೆಂಬ ಮಾತೂ ಇವೆ.

ಒಂದೇ ಕಲ್ಲನ್ನು ಹೀಗೆ ಎರಡು ಕಣ್ಣುಗಳಿಂದ ನೋಡಬಹುದು. ಸರಕಾರದ ಸಂಬಳ ಪಡೆದು ಶಾಸನವನ್ನು ಓದುತ್ತ, ಮನಸ್ಸಿನಲ್ಲಿ ಮಾತ್ರ ಕನ್ನಡ ಕವಿಗಳ ಚರಿತ್ರೆಯೆಂಬ ಒಂದೇ ಗ್ರಂಥವನ್ನು ಕಟ್ಟುತ್ತ ಬಾಳಿದ ಪುರುಷರು ಪ್ರಾಕ್ತನವಿಮರ್ಶವಿಚಕ್ಷಣ, ರಾವ್ ಬಹದ್ದೂರ್ ಆರ್. ನರಸಿಂಹಾಚಾರ್ಯರು. ಆ ಗ್ರಂಥದ ಮೊದಲನೆಯ ಸಂಪುಟ ಅಚ್ಚಾದುದು 1907ರಲ್ಲಿ. ಎರಡನೆಯದು 1919ರಲ್ಲಿ. ಮೂರನೆಯದೂ ಕಡೆಯದೂ 1929ರಲ್ಲಿ. ಮೊದಲ ಸಂಪುಟಕ್ಕೂ ಕಡೆಯ ಸಂಪುಟಕ್ಕೂ ನಡುವೆ ಇಪ್ಪತ್ತೆರಡು ವರ್ಷ. ಅದಕ್ಕೂ ಹಿಂದಿನ ಸಿದ್ಧತೆಯ ಕಾಲ ಬೇರೆ. ಇಷ್ಟು ದೀರ್ಘಕಾಲ ಒಂದು ಬರಹವನ್ನು ಹಿಡಿದಿದ್ದವರು ವಿರಳ. ಹಿಡಿದಿದ್ದ ಕಾಲದಲ್ಲಿ ಅವರಷ್ಟು ಸೆಳೆತಗಳಿಗೆ ಒಳಗಾದವರಂತೂ ಇನ್ನೂ ವಿರಳ.

ಆಚಾರ್ಯರು ಹುಟ್ಟಿದ್ದು 1860ರಲ್ಲಿ, ಶ್ರೀರಂಗಪಟ್ಟಣದ ಸೀಮೆಯ ಕೊಪ್ಪಲೆಂಬ ಗ್ರಾಮದಲ್ಲಿ, ಶ್ರೀವೈಷ್ಣವ ಮನೆತನದಲ್ಲಿ. ಸಂಸ್ಕೃತ, ತಮಿಳು, ಇಂಗ್ಲಿಷುಗಳಲ್ಲಿ ಒಳ್ಳೆಯ ಪರಿಶ್ರಮವಿದ್ದರೂ ಮದರಾಸು ವಿಶ್ವವಿದ್ಯಾನಿಲಯದ ಎಂ.ಎ. ಪರೀಕ್ಷೆಗೆ ಕನ್ನಡವನ್ನೇ ಆರಿಸಿಕೊಂಡು 1893ರಲ್ಲಿ ತೇರ್ಗಡೆಯಾದರು. ಕನ್ನಡದಲ್ಲಿ ಆ ಪದವಿ ಪಡೆದವರಲ್ಲಿ ಅವರೇ ಮೊದಲಿಗರು. ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿ ಭಾಷಾಂತರಕಾರರಾಗಿದ್ದವರು 1899ರಲ್ಲಿ ಪುರಾತತ್ತ್ವ ಇಲಾಖೆಗೆ ಬಂದು ಲೂಯಿಸ್ ರೈಸರಿಗೆ ಸಹಾಯಕರಾದರು. ಹಾಸನದ ಸಂಪುಟ ಸಿದ್ಧವಾಗಿ ಅಚ್ಚಾದುದು ಈ ಅವಧಿಯಲ್ಲಿ.

ಕವಿಗಳ ಚರಿತ್ರೆಯನ್ನು ಬರೆಯಬೇಕೆಂಬ ಆಲೋಚನೆ ಅವರೊಬ್ಬರಿಗೇ ಹೊಳೆದುದಲ್ಲ. ಕಿಟ್ಟೆಲರು 1875ರಲ್ಲಿ ನಾಗವರ್ಮನ ಛಂದಸ್ಸನ್ನು ಪ್ರಕಟಿಸಿದಾಗ ಕನ್ನಡ ಸಾಹಿತ್ಯವನ್ನು ಕುರಿತ ಒಂದು ಪ್ರಬಂಧವನ್ನು ಜೊತೆಗೆ ಸೇರಿಸಿದ್ದರು. ರೈಸರು 1884ರಲ್ಲಿ ಭಾಷಾಭೂಷಣವನ್ನು ಹೊರತಂದಾಗ ಪೀಠಿಕೆಯಲ್ಲಿ ಹಿಂದಿನ ಕವಿಗಳ ವಿಷಯವನ್ನು ಹೇಳಿದ್ದರು. ಇವು ದಾರಿಯ ಕಲ್ಲುಗಳು. ಕನ್ನಡದಲ್ಲಿಯೇ, ಕಾಲಾನುಕ್ರಮವಾಗಿ, ದೊರೆತ ಪ್ರತಿಯೊಬ್ಬ ಕವಿಗೂ ಎಡೆಗೊಟ್ಟು ಒಂದು ಗ್ರಂಥವನ್ನು ಬರೆಯಬೇಕೆಂದು ಹೊರಟವರು ಇಬ್ಬರು: ಆರ್. ನರಸಿಂಹಾಚಾರ್ಯರು ಮತ್ತು ಅದೇ ಹೆಸರಿನ ಎಸ್. ಜಿ. ನರಸಿಂಹಾಚಾರ್ಯರು. ಎಸ್. ಜಿ. ಅವರು ಸ್ವತಃ ಕವಿಗಳು. ಹಳೆಯ ಕಾವ್ಯಗಳ ಪರಿಷ್ಕರಣದಲ್ಲಿ ನುರಿತವರು. ಇವರಿಬ್ಬರ ಹೆಸರಿನಲ್ಲಿ ಕರ್ಣಾಟಕ ಕವಿಚರಿತೆಯ ಪ್ರಥಮ ಸಂಪುಟವು, ಹದಿನಾಲ್ಕನೆಯ ಶತಮಾನದ ಕೊನೆಯವರೆಗಿನ ಕವಿಗಳನ್ನೊಳಗೊಂಡು, 1907ರಲ್ಲಿ ಹೊರಬಂದಿತು.

ಅದರ ರೀತಿ ಬಹು ಸರಳ. ಕವಿಯ ಹೆಸರು, ಕಾಲ, ತಂದೆ ತಾಯಿ, ಗುರು, ಆಶ್ರಯದಾತ, ಬಿರುದು, ಮತ, ಅವನು ತನ್ನ ಗ್ರಂಥದಲ್ಲಿ ನೆನೆದ ಹಿಂದಿನ ಕವಿಗಳು, ಅವನನ್ನು ನೆನೆದ ಮುಂದಿನ ಕವಿಗಳು, ಗ್ರಂಥದ ಪರಿಮಾಣ, ಮಾದರಿಗೆ ಕೆಲವು ಪದ್ಯಗಳು. ಕಾಲವನ್ನು ನಿರ್ಣಯಿಸಲು ಕವಿಯೇ ಹೇಳಿದ ಶಕವರ್ಷ ಮೊದಲ ಆಧಾರ. ಅದಿಲ್ಲದಿದ್ದರೆ ಶಾಸನ. ಶಾಸನವೂ ಇಲ್ಲದಿದ್ದರೆ ಕವಿಗಳು ಒಬ್ಬರನ್ನೊಬ್ಬರು ಸ್ಮರಿಸಿದ ಕ್ರಮ. ಈ ಕಾರಣದಿಂದಲೇ ಗ್ರಂಥಾರಂಭದಲ್ಲಿ ಪೂರ್ವಕವಿಗಳನ್ನು ಹೆಸರಿಟ್ಟು ನೆನೆಯುವ ಜೈನ ಕವಿಗಳ ಪದ್ಧತಿಯು ಆಚಾರ್ಯರಿಗೆ ದೊಡ್ಡ ಊರುಗೋಲಾಯಿತು. ಬಸದಿಯ ಕಪಾಟಿನಲ್ಲಿ, ಮಠದ ಭಂಡಾರದಲ್ಲಿ, ಗೃಹಸ್ಥರ ಮನೆಯ ಅಟ್ಟದಲ್ಲಿ ಕೆಂಪು ಬಟ್ಟೆ ಸುತ್ತಿಟ್ಟಿದ್ದ ಓಲೆಕಟ್ಟುಗಳು ಆ ಕಾಲದಲ್ಲಿ ಒಂದೊಂದಾಗಿ ಬಿಚ್ಚಿಕೊಳ್ಳುತ್ತಿದ್ದವು. ಮನೆಯವರು ಶ್ರುತಪಂಚಮಿಯ ದಿನ ಪೂಜಿಸಿ ಮತ್ತೆ ಕಟ್ಟಿಡುತ್ತಿದ್ದ ಕಟ್ಟಿನಲ್ಲಿ ಯಾರೂ ಕೇಳರಿಯದ ಕವಿಯೊಬ್ಬನಿರುವುದು ಅಸಂಭವವಾಗಿರಲಿಲ್ಲ.

ಮೊದಲ ಸಂಪುಟ ಹೊರಬಂದ 1907ರಲ್ಲಿಯೇ ಎಸ್. ಜಿ. ನರಸಿಂಹಾಚಾರ್ಯರು ತೀರಿಕೊಂಡರು. ಇಬ್ಬರು ಹೊತ್ತ ಅಡ್ಡೆ ಒಬ್ಬರ ಹೆಗಲಿಗೆ ಬಿದ್ದಿತು. ಅದರ ಹಿಂದಿನ ವರ್ಷ, 1906ರಲ್ಲಿ, ರೈಸರು ನಿವೃತ್ತರಾಗಿ ಇಂಗ್ಲೆಂಡಿಗೆ ಹೋದುದರಿಂದ ಪುರಾತತ್ತ್ವ ಇಲಾಖೆಯ ಹೊಣೆಯೂ ಆಚಾರ್ಯರದಾಗಿತ್ತು. ನಲವತ್ತೇಳರ ವಯಸ್ಸು, ತಲೆಯ ಮೇಲೆ ಇಡೀ ಸಂಸ್ಥಾನದ ಕಲ್ಲುಗಳು, ಕೈಯಲ್ಲಿ ಮೂರನೆಯ ಒಂದು ಪಾಲು ಮುಗಿದ ಗ್ರಂಥ. ಆಗ ಕವಿಚರಿತೆಯನ್ನು ಅಲ್ಲಿಗೇ ನಿಲ್ಲಿಸಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಪಂಪ, ಪೊನ್ನ, ರನ್ನ, ನಾಗಚಂದ್ರ, ನೇಮಿಚಂದ್ರ, ಜನ್ನ ಎಲ್ಲರೂ ಬಂದಾಗಿತ್ತು. ಮುಂದೆ ಉಳಿದವರಲ್ಲಿ ಹೆಸರು ಮಾತ್ರ ತಿಳಿದವರು, ಒಂದೇ ಒಂದು ಸಾಂಗತ್ಯವನ್ನು ಬರೆದು ಮರೆಯಾದವರು, ಯಕ್ಷಗಾನ, ಶತಕ, ವೈದ್ಯ, ಜ್ಯೋತಿಷಗಳನ್ನು ಬರೆದವರು ಬಹಳ ಮಂದಿ. ದೊಡ್ಡವರನ್ನು ಮುಗಿಸಿದ ಮೇಲೆ ಚಿಕ್ಕವರ ಕಡೆಗೆ ಹೊರಳುವಾಗಲೇ ಲೇಖಕನ ಉತ್ಸಾಹ ಬತ್ತುವುದು, ಹೊಸ ಗ್ರಂಥವೊಂದರ ಕನಸು ಬೀಳುವುದು.

ಆ ಕನಸುಗಳಾದರೂ ಎಂಥವು! ಪುರಾತತ್ತ್ವದ ಅಧಿಕಾರಿಗೆ ವರ್ಷಕ್ಕೊಂದು ಸಂಚಾರವಿರುತ್ತಿತ್ತು. ಊರಿನ ಹೊರಗೆ ಬಿದ್ದ ಕಲ್ಲನ್ನು ಎತ್ತಿಸಿ, ನೀರು ಹೊಯ್ದು ಉಜ್ಜಿ ತೊಳೆದು, ಒದ್ದೆ ಕಾಗದವನ್ನು ಹಾಸಿ, ಕುಂಚದಿಂದ ಬಡಿದು ಅಕ್ಷರದ ಕುಳಿಗೆ ಇಳಿಸಿ, ಮೇಲೆ ಮಸಿ ತಟ್ಟಿ ಅಚ್ಚು ತೆಗೆಯಬೇಕು. ಸಂಜೆಗೆ ಆ ಕಾಗದವನ್ನು ದೀಪದ ಮುಂದೆ ಹಿಡಿದರೆ ಅಲ್ಲಿಯವರೆಗೆ ಯಾರೂ ಅರಿಯದಿದ್ದ ಒಬ್ಬ ಅರಸನೋ, ಒಬ್ಬ ಮುನಿಯೋ, ಒಂದು ಯುದ್ಧವೋ ಕಣ್ಣಿಗೆ ಬೀಳುವುದುಂಟು. ಅದರ ಬೆನ್ನು ಹತ್ತಿ ಹೋದರೆ ಒಂದು ರಾಜವಂಶದ ಚರಿತ್ರೆಯನ್ನೇ ಬರೆಯಬಹುದು. ಹಾಸನದಿಂದ ಕೆಲವೇ ಹರಿದಾರಿ ದೂರದ ದೊಡ್ಡಗದ್ದವಳ್ಳಿಯಲ್ಲಿ ಹನ್ನೆರಡನೆಯ ಶತಮಾನದ ಆರಂಭದ ಲಕ್ಷ್ಮೀದೇವಿಯ ಗುಡಿ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ಗುಡಿ, ಅದರ ವಿಗ್ರಹಗಳ ಕೆಳಗೆ ಶಿಲ್ಪಿಗಳಾದ ಬೈಚೋಜ, ಮಲ್ಲಿತಮ್ಮರ ಹೆಸರು. ಶಿಲ್ಪಿಗಳ ಚರಿತೆಯನ್ನೇ ಏಕೆ ಬರೆಯಬಾರದು ಎನ್ನಿಸುವಂತಹ ನಾಡಿದು.

ಆಚಾರ್ಯರು ಈ ಸೆಳೆತಗಳಿಗೆ ಬೆನ್ನು ತಿರುಗಿಸಿದರೆಂದು ಹೇಳಿದರೆ ಸುಳ್ಳಾಗುವುದು. ಸೋಮನಾಥಪುರದ ಗುಡಿಯನ್ನು ಕುರಿತ ಅವರ ಚಿಕ್ಕ ಗ್ರಂಥ 1917ರಲ್ಲಿ ಬಂದಿತು. ಬೇಲೂರಿನ ಕೇಶವಾಲಯವನ್ನು ಕುರಿತುದೂ ದೊಡ್ಡಗದ್ದವಳ್ಳಿಯ ಗುಡಿಯನ್ನು ಕುರಿತುದೂ 1919ರಲ್ಲಿ ಬಂದವು. ಅದೇ 1919ರಲ್ಲಿ ಕವಿಚರಿತೆಯ ದ್ವಿತೀಯ ಸಂಪುಟವೂ ಬಂದಿತೆಂಬುದು ಗಮನಿಸತಕ್ಕ ಸಂಗತಿ. ಹೊಸದು ಬಂದಿತೆಂದು ಹಳೆಯದು ನಿಲ್ಲಲಿಲ್ಲ. ಹದಿನಾಲ್ಕು ವರ್ಷದ ಅನಂತನೋಂಪಿಯನ್ನು ಹಿಡಿದ ಗೃಹಸ್ಥನು ಏಳನೆಯ ವರ್ಷದಲ್ಲಿ ಬೇರೊಂದು ನೋಂಪಿಯ ಮಹಿಮೆಯನ್ನು ಕೇಳಿದನೆಂದು ಮೊದಲಿನದನ್ನು ಸಡಿಲಿಸುವುದಿಲ್ಲವಷ್ಟೆ.

ಇದು ಹೇಗೆ ಸಾಧ್ಯವಾಯಿತೆಂಬುದಕ್ಕೆ ಉತ್ತರವು ಅವರ ಇಲಾಖೆಯ ವಾರ್ಷಿಕ ವರದಿಗಳಲ್ಲಿದೆ. 1906ರಿಂದ 1922ರವರೆಗೆ ವರ್ಷವರ್ಷವೂ ಬರೆದ ಆ ವರದಿಗಳಲ್ಲಿ ಸಂಚಾರದ ವಿವರ, ಗುಡಿಗಳ ವರ್ಣನೆ, ಶಾಸನಗಳ ಸಾರಾಂಶ, ನಾಣ್ಯಗಳು, ಇವುಗಳ ತರುವಾಯ ಹಸ್ತಪ್ರತಿಗಳಿಗೆಂದೇ ಒಂದು ಭಾಗವಿರುತ್ತಿತ್ತು. ಆ ವರ್ಷ ನೋಡಲು ಸಿಕ್ಕ ಓಲೆಪ್ರತಿ ಯಾವುದು, ಕವಿ ಯಾರು, ಕಾಲ ಯಾವುದು ಎಂಬುದನ್ನು ಅಲ್ಲಿ ನಾಲ್ಕು ಸಾಲುಗಳಲ್ಲಿ ನಮೂದಿಸಿ ಮುಂದುವರಿಯುತ್ತಿದ್ದರು. ಹೊಸದಾಗಿ ತೋರಿದುದಕ್ಕೆ ಒಂದು ಗೂಡು ಸಿಕ್ಕಿದ ಮೇಲೆ ಅದು ಮನಸ್ಸನ್ನು ಕಾಡುವುದು ಕಡಿಮೆ. ಗುಡಿಯದು ಗುಡಿಯ ಗೂಡಿಗೆ, ನಾಣ್ಯದ್ದು ನಾಣ್ಯದ ಗೂಡಿಗೆ. ಕವಿಯದು ಮಾತ್ರ ತನ್ನ ಶತಮಾನದ ಸರದಿ ಬರುವವರೆಗೆ ಕಾದಿದ್ದು ಕವಿಚರಿತೆಗೆ. ಅನ್ಯ ಕಾರ್ಯವೆಂದು ಕಾಣುವುದರಲ್ಲಿ ಬಹುಭಾಗವು ಹೀಗೆ ಮೂಲಕಾರ್ಯಕ್ಕೇ ನೀರೆರೆಯುವಂತೆ ಅವರು ಏರ್ಪಡಿಸಿಕೊಂಡರು.

ಶ್ರವಣಬೆಳಗೊಳದ ವಿಷಯದಲ್ಲಿ ಇದನ್ನು ಚೆನ್ನಾಗಿ ಕಾಣಬಹುದು. ರೈಸರು 1889ರಲ್ಲಿ ಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದ್ದರು. ಆಚಾರ್ಯರು ಎರಡು ಬೆಟ್ಟಗಳನ್ನೂ ಊರನ್ನೂ ಸುತ್ತಣ ಗ್ರಾಮಗಳನ್ನೂ ಮತ್ತೆ ಶೋಧಿಸಿ ಆ ಸಂಖ್ಯೆಯನ್ನು 500ಕ್ಕೆ ಮುಟ್ಟಿಸಿದರು. ಸಲ್ಲೇಖನ ಕೈಕೊಂಡ ಮುನಿಗಳ, ಅಜ್ಜಿಕೆಯರ, ಶ್ರಾವಕರ ಹೆಸರುಗಳು. ಯಾತ್ರಿಕರು ಬಂಡೆಯ ಮೇಲೆ ಕೊರೆದು ಹೋದ ಒಂದೊಂದೇ ಪದದ ಗುರುತುಗಳು. ಇವೆಲ್ಲವನ್ನೂ ಬಿಡದೆ ಓದಿದರು. ಚಿಕ್ಕಬೆಟ್ಟದ ಬಂಡೆಯ ಮೇಲಿನ ಅಂಥ ಗುರುತುಗಳಲ್ಲಿ ಕವಿರತ್ನನ ಹೆಸರೂ ಒಂದು. ಅಜಿತಪುರಾಣವನ್ನು ಬರೆದ ರನ್ನನು ಬೆಳಗೊಳಕ್ಕೆ ಬಂದು ನಿಂತಿದ್ದ ಎಡೆಯೆಂದು ಅದನ್ನು ನೋಡಿದವರ ಮೈ ಪುಲಕಗೊಳ್ಳದಿರದು. ಭದ್ರಬಾಹು ಸ್ವಾಮಿಗಳೂ ಚಂದ್ರಗುಪ್ತನೂ ಬೆಳಗೊಳಕ್ಕೆ ಬಂದರೆಂಬ ಸಂಪ್ರದಾಯವನ್ನು ಕುರಿತು ಫ್ಲೀಟರಿಗೂ ರೈಸರಿಗೂ ನಡೆದಿದ್ದ ವಾದವು ಆಗ ಪ್ರಸಿದ್ಧವಾಗಿತ್ತು. ಪಂಡಿತನೊಬ್ಬನ ಇಡೀ ಆಯುಷ್ಯವನ್ನು ನುಂಗಬಲ್ಲ ವಾದವದು. ಆಚಾರ್ಯರು ಸಾಕ್ಷ್ಯಗಳನ್ನೆಲ್ಲ ಒಂದೆಡೆ ಇಟ್ಟು ತೂಗಿ, ಸಂಪ್ರದಾಯಕ್ಕೆ ಆಧಾರವುಂಟೆಂಬ ಕಡೆಗೆ ತಮ್ಮ ಅಭಿಪ್ರಾಯವನ್ನು ಪೀಠಿಕೆಯಲ್ಲಿ ಬರೆದರು. ಆ ಜಗಳವನ್ನು ತಮ್ಮ ಬಾಳಿನ ಕೆಲಸವನ್ನಾಗಿ ಮಾಡಿಕೊಳ್ಳಲಿಲ್ಲ.

ಬೆಳಗೊಳದ ಶೋಧನೆಯಿಂದ ಕವಿಚರಿತೆಗೆ ದೊರೆತುದೂ ಅಲ್ಪವಲ್ಲ. ಗೊಮ್ಮಟಸ್ವಾಮಿಯನ್ನು ಸ್ತುತಿಸುವ, ಸುಮಾರು 1180ರ ಶಾಸನವನ್ನು ರಚಿಸಿದ ಬೊಪ್ಪಣಪಂಡಿತನು ಮೊದಲ ಸಂಪುಟದ ಕಾಲಕ್ಕೆ ಸೇರಿದವನು. 1612ರ ಮಸ್ತಕಾಭಿಷೇಕವನ್ನು ತನ್ನ ಭುಜಬಲಿಚರಿತೆಯಲ್ಲಿ 1614ರಲ್ಲಿ ವರ್ಣಿಸಿದ ಪಂಚಬಾಣನೂ, ಮುನಿವಂಶಾಭ್ಯುದಯವನ್ನು ಬರೆದ ಚಿದಾನಂದನೂ ಎರಡನೆಯದರವರು. 1677ರ ಮಸ್ತಕಾಭಿಷೇಕವನ್ನೂ ಅದನ್ನು ನಡೆಯಿಸಿದ ವಿಶಾಲಾಕ್ಷ ಪಂಡಿತನನ್ನೂ ಹೇಳುವ ಅನಂತಕವಿ ಹದಿನೆಂಟನೆಯ ಶತಮಾನದವನಾದುದರಿಂದ ಮೂರನೆಯದಕ್ಕೆ ಕಾಯಬೇಕಾಯಿತು. ಒಂದು ತಾಲ್ಲೂಕಿನ ಒಂದು ಊರಿನ ಕವಿಗಳೇ ಹೀಗೆ ಮೂರು ಸಂಪುಟಗಳಲ್ಲಿ ಹಂಚಿಹೋಗಿದ್ದಾರೆ. ಗೊಮ್ಮಟನನ್ನು ಹಾಡಿದ ಕವಿಗಳನ್ನು ಒಟ್ಟುಗೂಡಿಸಿ ಒಂದು ಪ್ರತ್ಯೇಕ ಗ್ರಂಥ ಮಾಡಿದ್ದರೆ ಅದು ಸೊಗಸಾಗಿಯೇ ಇರುತ್ತಿತ್ತು. ಆದರೆ ಕಾಲಾನುಕ್ರಮವೆಂಬ ಮೊದಲಿನ ಕಟ್ಟಳೆಯನ್ನು ಮುರಿಯಲು ಅವರು ಒಪ್ಪಲಿಲ್ಲ. ಅನಂತಕವಿಯು ತನ್ನ ಸರದಿಯವರೆಗೆ ನಿಂತನು.

ಅವರಲ್ಲಿ ಕವಿತಾಶಕ್ತಿಯೂ ಇತ್ತೆಂಬುದನ್ನು ಅನೇಕರು ಮರೆತಿದ್ದಾರೆ. ತಮಿಳಿನ ನೀತಿಕಾವ್ಯಗಳನ್ನು ನೀತಿಮಂಜರಿಯೆಂಬ ಹೆಸರಿನಿಂದ ಕನ್ನಡ ಪದ್ಯಗಳಲ್ಲಿ ತಂದವರು ಅವರು. ಸ್ವತಂತ್ರ ಕಾವ್ಯಕ್ಕೆ ಕೈಹಾಕಬಲ್ಲವನು ಇತರರ ಕಾವ್ಯಗಳ ಪದ್ಯಸಂಖ್ಯೆಯನ್ನು ಎಣಿಸುತ್ತ ಕೂರುವುದರಲ್ಲಿ ಎಷ್ಟು ಸಂಯಮ ಬೇಕೆಂಬುದನ್ನು ಬರೆದು ಬಲ್ಲವರೇ ಬಲ್ಲರು. ಇನ್ನು ಸಭೆ, ಸನ್ಮಾನಗಳು: 1915ರಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿತು; 1918ರ ಧಾರವಾಡದ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಇವುಗಳ ವಿವರ ಇಲ್ಲಿ ಬೇಕಿಲ್ಲ.

ನಿವೃತ್ತಿಯಾದುದು 1922ರಲ್ಲಿ. ಮರುವರ್ಷವೇ ಬೆಳಗೊಳದ ಪರಿಷ್ಕೃತ ಸಂಪುಟ ಹೊರಬಂದಿತು. ಕನ್ನಡ ಶಾಸನಗಳ ಒಳ್ಳೆಯ ಪದ್ಯಗಳನ್ನಾರಿಸಿದ ಶಾಸನಪದ್ಯಮಂಜರಿಯೂ ಬಂದಿತು. ಇನ್ನು ಮೂರನೆಯ ಸಂಪುಟವೊಂದೇ ಉಳಿದುದೆಂದು ಎಣಿಸುವಷ್ಟರಲ್ಲಿ ಆಚಾರ್ಯರು ಹಿಂದಕ್ಕೆ ತಿರುಗಿದರು. ಮೊದಲ ಸಂಪುಟ ಅಚ್ಚಾಗಿ ಹದಿನೇಳು ವರ್ಷವಾಗಿತ್ತು. ಅಷ್ಟರಲ್ಲಿ ಹೊಸ ಶಾಸನಗಳು ಸಿಕ್ಕಿದ್ದವು, ಹೊಸ ಪ್ರತಿಗಳು ಬಂದಿದ್ದವು, ಕೆಲವು ಕವಿಗಳ ಕಾಲ ತಿದ್ದಬೇಕಾಗಿತ್ತು. ಅದನ್ನು ಪರಿಷ್ಕರಿಸಿ 1924ರಲ್ಲಿ ಮತ್ತೆ ಪ್ರಕಟಿಸಿದರು. ಅರವತ್ತನಾಲ್ಕರ ವಯಸ್ಸಿನಲ್ಲಿ, ಮೂರನೆಯ ಒಂದು ಪಾಲು ಇನ್ನೂ ಬರೆಯಬೇಕಾಗಿರುವಾಗ ಮಾಡಿದ ಈ ಕೆಲಸ ಅಪಾಯದ್ದೆಂದೇ ಹೇಳಬೇಕು. ಹೊಸ ಗ್ರಂಥದ ಸೆಳೆತವನ್ನು ಗೆದ್ದವರು ಹಳೆಯ ಗ್ರಂಥವನ್ನೇ ತಿದ್ದುವ ಸೆಳೆತಕ್ಕೆ ಸಿಕ್ಕಿ, ಮೊದಲ ಭಾಗವನ್ನು ಹತ್ತು ಸಲ ತಿದ್ದಿ, ಕಡೆಯ ಭಾಗವನ್ನು ಬರೆಯದೆ ಕಣ್ಣುಮುಚ್ಚಿದ ಉದಾಹರಣೆಗಳಿವೆ. ತಿದ್ದುವುದು ಮುಂದುವರಿಯುವುದಕ್ಕಿಂತ ಸುಲಭ. ಮೇಲಾಗಿ ಕೆಲಸ ಮಾಡುತ್ತಿರುವೆನೆಂಬ ತೃಪ್ತಿಯನ್ನೂ ಕೊಡುತ್ತದೆ. ಆಚಾರ್ಯರು ಒಮ್ಮೆ ತಿದ್ದಿದರು, ತಿದ್ದಿ ಮುಗಿಸಿದರು, ಅಲ್ಲಿಂದ ಎದ್ದು ಹದಿನೆಂಟನೆಯ ಶತಮಾನಕ್ಕೆ ಹೋದರು.

ತೃತೀಯ ಸಂಪುಟವು 1929ರಲ್ಲಿ ಅಚ್ಚಾದಾಗ ಅವರಿಗೆ ಅರವತ್ತೊಂಬತ್ತು. ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳ ಕವಿಗಳು ಅದರಲ್ಲಿ ಬಂದರು. ಕನಕಗಿರಿಯ ದೇವಚಂದ್ರನು ಮೈಸೂರು ಅರಮನೆಯ ದೇವೀರಮ್ಮಣ್ಣಿಗಾಗಿ 1838ರಲ್ಲಿ ಮುಗಿಸಿದ ರಾಜಾವಳೀಕಥೆ ಅಲ್ಲಿ ಸೇರಿತು. ಆ ದೇವಚಂದ್ರನೂ ಪೂರ್ವಕವಿಗಳ ವೃತ್ತಾಂತಗಳನ್ನು ಸಂಗ್ರಹಿಸಿದವನೇ. ಚರಿತೆ ಬರೆದವನು ಚರಿತೆಯಲ್ಲಿ ಸೇರಿಹೋದನು. ಇನ್ನೊಂದು ತೊಡಕು ಉಳಿದಿತ್ತು. ಹಿಂದಿನೆರಡು ಸಂಪುಟಗಳಲ್ಲಿ ಬರಬೇಕಾಗಿದ್ದು, ಅವು ಅಚ್ಚಾದ ಮೇಲೆ ಬೆಳಕಿಗೆ ಬಂದ ಪ್ರಾಚೀನ ಕವಿಗಳನ್ನು ಏನು ಮಾಡುವುದು? ಅವರಿಗಾಗಿ ಮತ್ತೆ ಮೊದಲಿನಿಂದ ಹೊರಡುವುದಾದರೆ ಆ ಕೆಲಸಕ್ಕೆ ಕೊನೆಯೆಂಬುದೇ ಇಲ್ಲ. ಓಲೆಕಟ್ಟುಗಳು ಇನ್ನೂ ಬಿಚ್ಚಿಕೊಳ್ಳುತ್ತಲೇ ಇದ್ದವು. ಆಚಾರ್ಯರು ಅವರನ್ನೆಲ್ಲ ಮೂರನೆಯ ಸಂಪುಟದ ಅನುಬಂಧದಲ್ಲಿ ಸೇರಿಸಿದರು. ಅಲ್ಲಿಗೆ ಕವಿಗಳ ಸಂಖ್ಯೆ ಸಾವಿರವನ್ನು ಮೀರಿತು. ಗ್ರಂಥಕ್ಕೆ ಮುಕ್ತಾಯ ಹಾಡಿದರು.

ಸಾಹಿತ್ಯದ ಬೆಳವಣಿಗೆಯನ್ನು ವಿವೇಚಿಸಿ ಬರೆಯುವ ಆಸೆ, ಭಾಷೆಯ ಇತಿಹಾಸವನ್ನು ಹೇಳುವ ಆಸೆ, ಇವು ಆತನಕ ಕಾದಿದ್ದವು. ಮೈಸೂರು ವಿಶ್ವವಿದ್ಯಾನಿಲಯಕ್ಕಾಗಿ ಇಂಗ್ಲಿಷಿನಲ್ಲಿ ಮಾಡಿದ ಉಪನ್ಯಾಸಗಳು ಕನ್ನಡ ಭಾಷೆಯ ಚರಿತ್ರೆಯಾಗಿ 1934ರಲ್ಲಿ ಅಚ್ಚಾದವು. ಕನ್ನಡ ಸಾಹಿತ್ಯದ ಚರಿತ್ರೆಯಾದರೋ 1940ರಲ್ಲಿ ಬಂದಿತು. ಅದನ್ನು ನೋಡಲು ಅವರಿರಲಿಲ್ಲ. ಆಚಾರ್ಯರು 1936ರ ಡಿಸೆಂಬರಿನಲ್ಲಿ ತೀರಿಕೊಂಡಿದ್ದರು. ಕಡೆಗೆ ಇಟ್ಟುಕೊಂಡ ಕೆಲಸದ ಫಲ ಕೈಗೆ ಬರಲಿಲ್ಲವೆಂದು ಮರುಗುವವರು, ಆ ಎರಡು ಗ್ರಂಥಗಳನ್ನು 1907ರಲ್ಲಿಯೇ ಬರೆಯಲು ಕುಳಿತಿದ್ದರೆ ಅವುಗಳಿಗೆ ಬೇಕಾದ ಸಾಮಗ್ರಿಯಾದರೂ ಎಲ್ಲಿರುತ್ತಿತ್ತೆಂಬುದನ್ನು ಯೋಚಿಸಬೇಕು.

ಕವಿಚರಿತೆಯಲ್ಲಿ ಹೇಳಿದ ಕೆಲವು ಕಾಲನಿರ್ಣಯಗಳನ್ನು ಮುಂದಿನ ವಿದ್ವಾಂಸರು ತಿದ್ದಿದ್ದಾರೆ, ಕೆಲವು ಕರ್ತೃತ್ವಗಳನ್ನು ಬದಲಿಸಿದ್ದಾರೆ. ಹಾಗೆ ತಿದ್ದಿದವರೂ ಮೊದಲು ಆ ಮೂರು ಸಂಪುಟಗಳನ್ನು ಮುಂದಿಟ್ಟುಕೊಂಡೇ ಹೊರಟವರು. ಸಾಹಿತ್ಯ ಪರಿಷತ್ತು ಅವನ್ನು ಮರುಮುದ್ರಿಸಿ ಉಳಿಸಿತು. ಆಚಾರ್ಯರು ತೀರಿಕೊಂಡ 1936ನೆಯ ವರ್ಷದ ಪುರಾತತ್ತ್ವ ವರದಿಯಲ್ಲಿ, ಅವರ ತರುವಾಯ ಆ ಇಲಾಖೆಯನ್ನು ನಡೆಸುತ್ತಿದ್ದ ಡಾ. ಎಂ. ಎಚ್. ಕೃಷ್ಣ ಅವರು ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಕಲ್ಲನ್ನು ಪ್ರಕಟಿಸಿದರು. ಕನ್ನಡದ ಬಹು ಹಳೆಯ ಬರಹವೆಂದು ಪ್ರಸಿದ್ಧವಾದ ಆ ಶಾಸನವು 1902ರ ಸಂಪುಟದಲ್ಲಿಯೂ ಇರಲಿಲ್ಲ, ಕವಿಚರಿತೆಯ ಪೀಠಿಕೆಗಳಲ್ಲಿಯೂ ಇರಲಿಲ್ಲ. ಆಚಾರ್ಯರು ಹದಿನಾರು ವರ್ಷಗಳ ಕಾಲ ತಮಗೆ ಸಿಕ್ಕಿದ ಹೊಸ ಸಂಗತಿಗಳನ್ನು ನಾಲ್ಕು ನಾಲ್ಕು ಸಾಲುಗಳಲ್ಲಿ ಇರಿಸುತ್ತ ಬಂದಿದ್ದ ವರದಿಯ ಮಾಲೆಯಲ್ಲಿಯೇ ಅದಕ್ಕೂ ಎಡೆ ದೊರೆಯಿತು.